ವಿಮರ್ಶಕರಿಗೆ ಹಿಡಿಸಲಿಲ್ಲ, ಮಕ್ಕಳು ಬಿಡಲಿಲ್ಲ: ‘ಮೈನ್‌ಕ್ರಾಫ್ಟ್’ ಸಿನಿಮಾದ ಬಗ್ಗೆ ಯಾರ ಮಾತು ಸರಿ?

2025ರ ಏಪ್ರಿಲ್ ಮೊದಲ ವಾರ. ಅಮೆರಿಕದ ಥಿಯೇಟರ್‌ಗಳಲ್ಲಿ ‘ಎ ಮೈನ್‌ಕ್ರಾಫ್ಟ್ ಮೂವಿ’ ಬಿಡುಗಡೆಯಾಗಿತ್ತು. ಕೋಳಿಯ ಬೆನ್ನ ಮೇಲೆ ಕೂತ ಪುಟ್ಟ ಝೋಂಬಿ ಪರದೆಯಲ್ಲಿ ಕಂಡದ್ದೇ ತಡ, ನಟ ಜ್ಯಾಕ್ ಬ್ಲ್ಯಾಕ್ ‘ಚಿಕನ್ ಜಾಕಿ’ ಅಂತ ಕೂಗುತ್ತಾರೆ. ಹುಡುಗರೆಲ್ಲ ಎದ್ದು ನಿಂತು ಬೊಬ್ಬೆ ಹಾಕಿದರು, ಪಾಪ್‌ಕಾರ್ನ್ ಗಾಳಿಗೆ ಎಸೆದರು. ಪಕ್ಕದಲ್ಲಿ ಕೂತ ದೊಡ್ಡವರಿಗೆ ಮಾತ್ರ ಇದರಲ್ಲಿ ಅಂಥದ್ದೇನುಂಟು ಅಂತ ತಲೆಬುಡ ಅರ್ಥವಾಗಲಿಲ್ಲ.

ಮೈನ್‌ಕ್ರಾಫ್ಟ್ ಸ್ವೀಡನ್‌ನ ಮೊಜಾಂಗ್ ಕಂಪೆನಿಯ ಗೇಮ್. 2014ರಲ್ಲಿ ಮೈಕ್ರೋಸಾಫ್ಟ್ ಈ ಕಂಪೆನಿಯನ್ನು 250 ಕೋಟಿ ಡಾಲರ್‌ಗೆ ಖರೀದಿಸಿತು. ಗೇಮ್‌ನಲ್ಲಿ ಎಲ್ಲವೂ ಚೌಕ ಚೌಕ. ಕಲ್ಲು, ಮಣ್ಣು ಅಗೆದು, ಮರ ಕಡಿದು ಬೇಕಾದ್ದನ್ನು ಕಟ್ಟುತ್ತಾ ಹೋಗುವುದೇ ಆಟ. ಹೀಗೇ ಸಾಗಬೇಕು ಎಂಬ ಕಥೆ ಇಲ್ಲ, ಆಡುವವನು ಮಾಡಿದ್ದೇ ಕಥೆ.

ಸಮಸ್ಯೆ ಶುರುವಾಗುವುದು ಇಲ್ಲೇ. ಸಿನಿಮಾ ಅಂದ ಮೇಲೆ ಕಥೆ ಬೇಕಲ್ಲ? ನಿರ್ದೇಶಕ ಜೇರೆಡ್ ಹೆಸ್ ನಾಲ್ಕು ಜನರನ್ನು ಚೌಕಗಳ ಲೋಕಕ್ಕೆ ಕಳಿಸಿ ಒಂದು ಕಥೆ ಹೆಣೆದರು. ಕಥೆ ತೆಳು, ಹಳೇ ಸೂತ್ರ ಅಂತ ಹಲವು ವಿಮರ್ಶಕರು ದೂರಿದರು. ಆದರೆ ಮಕ್ಕಳು ಹೋದದ್ದು ಕಥೆಗಾಗಿ ಅಲ್ಲ. ಕೋಳಿ ಮೇಲಿನ ಝೋಂಬಿ ಗೇಮ್‌ನಲ್ಲಿ ಬಹಳ ಅಪರೂಪಕ್ಕೆ ಸಿಗುವಂಥದ್ದು. ದುಬೈಯ ಜನಜಂಗುಳಿಯಲ್ಲಿ ನಮ್ಮೂರಿನವನೊಬ್ಬ ಎದುರಾದರೆ ಆಗುವ ಖುಷಿ ಉಂಟಲ್ಲ, ಅದು ಅಂಥ ಖುಷಿ. ಟ್ರೇಲರ್ ತುಣುಕುಗಳು ಮೊಬೈಲ್‌ನಲ್ಲಿ ಹರಿದಾಡಿ, ಎಲ್ಲಿ ಕೂಗಬೇಕು ಎನ್ನುವುದೂ ಮಕ್ಕಳಿಗೆ ಮೊದಲೇ ಗೊತ್ತಿತ್ತು. ಸುಮಾರು 15 ಕೋಟಿ ಡಾಲರ್ ಖರ್ಚಿನ ಚಿತ್ರ 95 ಕೋಟಿಗೂ ಹೆಚ್ಚು ಗಳಿಸಿತು.

ಹಾಗಾದರೆ ರೇಟಿಂಗ್ ನಂಬಬೇಕೋ ಬೇಡವೋ? ಮೊದಲು ಅದರ ಲೆಕ್ಕ ತಿಳಿಯಬೇಕು. 2023ರ ‘ದಿ ಸೂಪರ್ ಮಾರಿಯೋ ಬ್ರದರ್ಸ್ ಮೂವಿ’ಗೆ ರಾಟನ್ ಟೊಮ್ಯಾಟೋಸ್‌ನಲ್ಲಿ ವಿಮರ್ಶಕರ ಕಡೆಯಿಂದ ಶೇ. 59, ಪ್ರೇಕ್ಷಕರ ಕಡೆಯಿಂದ ಶೇ. 95. ಇದು 100ಕ್ಕೆ 59 ಅಂಕ ಅಲ್ಲ. 100 ವಿಮರ್ಶಕರಲ್ಲಿ 59 ಮಂದಿ ‘ನೋಡಬಹುದು’ ಅಂದರು ಎಂದರ್ಥ. ಸುಮಾರಾಗಿ ಹಿಡಿಸಿದವನದ್ದೂ, ಹುಚ್ಚೆದ್ದು ಮೆಚ್ಚಿದವನದ್ದೂ ಒಂದೊಂದೇ ಓಟು.

ಪ್ರೇಕ್ಷಕರ ಲೆಕ್ಕದಲ್ಲೂ ಒಂದು ಮರ್ಮ ಉಂಟು. ಅಂಗಡಿಗೆ ಬಂದು ಸಾಮಾನು ಕೊಂಡ ಗಿರಾಕಿಯನ್ನೇ ‘ಹೇಗುಂಟು?’ ಅಂತ ಕೇಳಿದ ಹಾಗೆ ಅದು. ಬಾಗಿಲಿಗೇ ಬಾರದವನ ಮಾತು ಅದರಲ್ಲಿ ಸೇರುವುದಿಲ್ಲ. ಮೊದಲ ದಿನ ಟಿಕೆಟ್ ಕೊಳ್ಳುವವರಲ್ಲಿ ಹೆಚ್ಚಿನವರು ಗೇಮ್‌ನ ಅಭಿಮಾನಿಗಳೇ. ಆದ್ದರಿಂದ ಎರಡೂ ಸಂಖ್ಯೆ ಸುಳ್ಳಲ್ಲ, ಎರಡೂ ಬೇರೆ ಬೇರೆ ಪ್ರಶ್ನೆಗೆ ಉತ್ತರ.

ಅಭಿಮಾನಿಗಳ ಮಾತನ್ನು ತಳ್ಳಿ ಹಾಕಿದರೂ ನಷ್ಟವೇ. 1993ರ ‘ಸೂಪರ್ ಮಾರಿಯೋ ಬ್ರದರ್ಸ್’ ಗೇಮ್‌ನ ಹೆಸರು ಇಟ್ಟುಕೊಂಡು ಅದರ ಬಣ್ಣ, ತಮಾಷೆ ಎಲ್ಲ ಬಿಟ್ಟಿತು. ವಿಮರ್ಶಕರೂ ಒಪ್ಪಲಿಲ್ಲ, ಹಾಕಿದ ದುಡ್ಡೂ ಬರಲಿಲ್ಲ. 2019ರ ಏಪ್ರಿಲ್‌ನಲ್ಲಿ ‘ಸೋನಿಕ್’ ಟ್ರೇಲರ್ ಬಂದಾಗ, ಮನುಷ್ಯರಂಥ ಹಲ್ಲಿನ ಆ ಮುಖ ನೋಡಿ ಜನ ಛೀಮಾರಿ ಹಾಕಿದರು. ನಿರ್ದೇಶಕ ಜೆಫ್ ಫೌಲರ್ ತಪ್ಪು ಒಪ್ಪಿ, ಸೋನಿಕ್‌ನ ರೂಪವನ್ನೇ ಬದಲಿಸಿದರು. ನವೆಂಬರ್‌ನಲ್ಲಿ ಬರಬೇಕಿದ್ದ ಚಿತ್ರ 2020ರ ಫೆಬ್ರವರಿಗೆ ಬಂದು ಗೆದ್ದಿತು. ಆಮೇಲೆ ಇನ್ನೆರಡು ಭಾಗಗಳೂ ಬಂದವು.

ಆದರೆ ಖುಷಿಗೂ ಒಂದು ಮಿತಿ ಬೇಡವೇ? ಮೈನ್‌ಕ್ರಾಫ್ಟ್ ಶೋ ಮುಗಿದ ಮೇಲೆ ಚೆಲ್ಲಾಪಿಲ್ಲಿಯಾದ ಪಾಪ್‌ಕಾರ್ನ್ ಗುಡಿಸಿದ್ದು ಥಿಯೇಟರ್‌ನ ಕೆಲಸಗಾರರು. ಕೆಲವು ಕಡೆ ಎಚ್ಚರಿಕೆಯ ಬೋರ್ಡ್ ಹಾಕಬೇಕಾಯಿತು, ಪೊಲೀಸರೂ ಬರಬೇಕಾಯಿತು. ಕೊನೆಗೆ ಜ್ಯಾಕ್ ಬ್ಲ್ಯಾಕ್ ಅವರೇ ಒಂದು ಶೋಗೆ ಬಂದು, ಪಾಪ್‌ಕಾರ್ನ್ ಎಸೆಯಬೇಡಿ ಅಂತ ಹೇಳಿದರು. ಕೂಗಿ ನಲಿಯುವವರಿಗಾಗಿ ಬೇರೆಯೇ ಶೋಗಳನ್ನೂ ಇಟ್ಟರು. ಟಿಕೆಟ್‌ನ ದುಡ್ಡು ಸೀಟಿಗೆ ಮಾತ್ರ, ಇನ್ನೊಬ್ಬನ ಬೆವರಿಗಲ್ಲ ಎನ್ನುವುದನ್ನು ಯುವಕರು ನೆನಪಿಡಬೇಕು.

ದೊಡ್ಡವರಿಗೂ ಒಂದು ಮಾತು. ಮಗು ಇಂಥ ಸಿನಿಮಾ ನೋಡಿ ಬಂದಾಗ ‘ಏನು ಮಣ್ಣು ಉಂಟು ಅದರಲ್ಲಿ’ ಅಂತ ಗದರುವ ಮೊದಲು, ‘ನಿನಗೆ ಯಾವುದು ಇಷ್ಟವಾಯಿತು?’ ಅಂತ ಕೇಳಿ. ವಿಮರ್ಶಕರು ಹೇಳದ ಸಂಗತಿಯೊಂದು ಅಲ್ಲಿ ಸಿಕ್ಕೀತು.