ಮೂರನೆಯ ತಂತಿ ಎಲ್ಲಿ ಹೋಯಿತು?

ಬಲ್ಬು ಕೆಟ್ಟರೆ ಕತ್ತಲಾಗುತ್ತದೆ, ಮಿಕ್ಸಿ ಕೆಟ್ಟರೆ ಸದ್ದು ಬದಲಾಗುತ್ತದೆ. ಆದರೆ ಅರ್ಥಿಂಗ್ ಕೆಟ್ಟರೆ ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಫ್ಯಾನು ತಿರುಗುತ್ತಲೇ ಇರುತ್ತದೆ, ಕೂಲರ್ ತಣ್ಣನೆಯ ಗಾಳಿ ಬೀಸುತ್ತಲೇ ಇರುತ್ತದೆ. ಒಂದು ದಿನ ಒದ್ದೆ ಕೈ ಅದರ ತಗಡಿಗೆ ತಾಗಿದಾಗ ಮಾತ್ರ ತಿಳಿಯುತ್ತದೆ. ಕೆಲವೊಮ್ಮೆ ಅಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಗದ್ವಾಲ ಸೀಮೆಯ ಧರೂರು ಮಂಡಲಕ್ಕೆ ಕರೆಂಟು ಹೊಸದೇನಲ್ಲ. ಅಲ್ಲಿನ ರೇವುಲಪಲ್ಲಿಯ ಬಳಿ ಕೃಷ್ಣಾ ನದಿಗೆ ಅಡ್ಡಲಾಗಿ ಜುರಾಲಾ ಅಣೆಕಟ್ಟು ನಿಂತಿದೆ. ಅಲ್ಲಿಯ ವಿದ್ಯುದಾಗಾರದಲ್ಲಿ ತಲಾ 39 ಮೆಗಾವಾಟಿನ 6 ಯಂತ್ರಗಳಿವೆ. ಒಟ್ಟು 234 ಮೆಗಾವಾಟ್. ಕರ್ನಾಟಕಕ್ಕೂ ಅರ್ಧ ಪಾಲು ಎಂಬ ಒಪ್ಪಂದದ ಮೇಲೆ ಎದ್ದ ಕೇಂದ್ರವಿದು. ಇಂಥ ವಿದ್ಯುತ್ ಕೇಂದ್ರಗಳಲ್ಲಿ ಯಂತ್ರದ ಮೈ, ಕಬ್ಬಿಣದ ಚೌಕಟ್ಟು, ಬೇಲಿ ಎಲ್ಲವನ್ನೂ ಭೂಮಿಗೆ ಜೋಡಿಸಿರುತ್ತಾರೆ. ನಮ್ಮ ಮನೆಗೆ ಬರುವ 230 ವೋಲ್ಟಿಗೂ ಅದೇ ನಿಯಮ. ಅಲ್ಲಿ ತಪ್ಪದೆ ಪಾಲಿಸುವುದನ್ನು ಮನೆಯಲ್ಲಿ ನಾವು ಮರೆಯುತ್ತೇವೆ, ಅಷ್ಟೆ.

ಆಟದ ಪೆಟ್ಟಿಗೆ ಹೇಳುವ ಪಾಠ

ನಾಣ್ಯ ಹಾಕಿ ಆಡುವ ವಿಡಿಯೋ ಗೇಮ್ ಪೆಟ್ಟಿಗೆಗಳು ಹಲವರಿಗೆ ನೆನಪಿರಬಹುದು. ಜಪಾನಿನಲ್ಲಿ 1978ರಲ್ಲಿ 'ಸ್ಪೇಸ್ ಇನ್‌ವೇಡರ್ಸ್', 1980ರಲ್ಲಿ 'ಪ್ಯಾಕ್‌ಮ್ಯಾನ್' ಬಂದ ಮೇಲೆ ಇವು ಲೋಕವನ್ನೆಲ್ಲ ಸುತ್ತಿದವು. ಈಗ ಅಂಥ ಹಳೆಯ ಪೆಟ್ಟಿಗೆಗಳನ್ನು ಕೊಂಡು ರಿಪೇರಿ ಮಾಡುವ ಹವ್ಯಾಸಿಗಳಿದ್ದಾರೆ. ತಿಳಿದವರು ಮೊದಲು ಚಿತ್ರ ಬರುತ್ತದೆಯೇ ಎಂದು ನೋಡುವುದಿಲ್ಲ, ಪ್ಲಗ್ಗಿನಲ್ಲಿ ಮೂರನೆಯ ಪಿನ್ ಇದೆಯೇ ಎಂದು ನೋಡುತ್ತಾರೆ.

ಏಕೆ? ಪೆಟ್ಟಿಗೆ ಮರದ್ದಾದರೂ ನಾಣ್ಯದ ಬಾಗಿಲು ಲೋಹದ್ದು; ಗುಂಡಿಗಳಿರುವ ಹಲಗೆಯೂ ಅನೇಕ ಪೆಟ್ಟಿಗೆಗಳಲ್ಲಿ ಲೋಹದ್ದೇ. ಮಕ್ಕಳು ಅದನ್ನೇ ಹಿಡಿದು ನಿಲ್ಲುತ್ತಾರೆ. ವರ್ಷಗಳು ಕಳೆದಂತೆ ಒಳಗಿನ ತಂತಿಯ ಹೊದಿಕೆ ಬಿರಿಯುತ್ತದೆ, ಇಲಿ ಕಡಿಯುತ್ತದೆ. ಫೇಸ್ ತಂತಿ ಆ ಲೋಹಕ್ಕೆ ತಾಗಿದರೆ ಬಾಗಿಲಿಗೇ ಕರೆಂಟು ಬರುತ್ತದೆ. ಅರ್ಥ್ ತಂತಿ ಇದ್ದರೆ ಅದು ಭೂಮಿಯ ದಾರಿ ಹಿಡಿಯುತ್ತದೆ. ಇಲ್ಲದಿದ್ದರೆ ಮಗುವಿನ ಮೈಯೇ ದಾರಿ. ಯಾರೋ ಎಂದೋ ಮೂರು ಪಿನ್ನಿನ ಪ್ಲಗ್ ತೆಗೆದು ಎರಡು ಪಿನ್ನಿನದು ಹಾಕಿರುತ್ತಾರೆ. ಆಟ ನಡೆಯುತ್ತಲೇ ಇರುವುದರಿಂದ ಯಾರೂ ಗಮನಿಸುವುದಿಲ್ಲ.

ರಿಪೇರಿಯ ಕ್ರಮ ಹೀಗೆ: ಮೊದಲು ಪ್ಲಗ್ ಕಿತ್ತಿಡಬೇಕು. ಮೂರು ಎಳೆಯ ಹೊಸ ವೈರ್ ಹಾಕಬೇಕು. ಬಾಗಿಲು, ಹಲಗೆ, ಟ್ಯೂಬಿನ ಚೌಕಟ್ಟು ಮೂರನ್ನೂ ಹಸಿರು ತಂತಿಗೆ ಜೋಡಿಸಬೇಕು. ಜೋಡಿಸುವ ಕಡೆ ಬಣ್ಣ, ತುಕ್ಕು ಕೆರೆದು ತೆಗೆಯಬೇಕು. ಆಮೇಲೆ ಮಲ್ಟಿಮೀಟರಿನಿಂದ ಪ್ಲಗ್ಗಿನ ಅರ್ಥ್ ಪಿನ್ನಿಗೂ ಬಾಗಿಲಿಗೂ ನಡುವೆ ಅಳೆದರೆ ಹೆಚ್ಚು ಕಡಿಮೆ ಸೊನ್ನೆ ಓಮ್ ಬರಬೇಕು. ಒಂದು ಎಚ್ಚರಿಕೆ: ಹಳೆಯ ಪಿಕ್ಚರ್ ಟ್ಯೂಬ್ ಪ್ಲಗ್ ತೆಗೆದ ಮೇಲೂ ಸಾವಿರಾರು ವೋಲ್ಟ್ ಹಿಡಿದಿಟ್ಟುಕೊಂಡಿರಬಹುದು. ಅದರ ಹಿಂಭಾಗಕ್ಕೆ ತಿಳಿದವರಲ್ಲದೆ ಬೇರೆ ಯಾರೂ ಕೈ ಹಾಕಬಾರದು.

ನಮ್ಮ ಮನೆಯ ಪೆಟ್ಟಿಗೆಗಳು

ಆಟದ ಪೆಟ್ಟಿಗೆ ನಮ್ಮ ಮನೆಯಲ್ಲಿಲ್ಲ ಎನ್ನುವಿರಾ? ತಗಡಿನ ಕೂಲರ್ ಇದೆಯಲ್ಲ! ರಾಯಚೂರು, ಗದ್ವಾಲ, ಮಕ್ತಲ್ ಕಡೆಯ ಬಿರುಬಿಸಿಲಿಗೆ ಅದು ಬೇಕೇ ಬೇಕು. ಲೋಹದ ಮೈ, ಒಳಗೆ ನೀರು, ನೀರಲ್ಲಿ ಮುಳುಗಿದ ಪಂಪು, ಸುತ್ತ ಒದ್ದೆ ನೆಲ, ಮಕ್ಕಳದು ಬರಿಗಾಲು. ಗ್ರೈಂಡರ್, ಇಸ್ತ್ರಿ ಪೆಟ್ಟಿಗೆ, ಗೀಸರ್, ನೀರಿನ ಮೋಟಾರ್‌ಗಳ ಕಥೆಯೂ ಇದೇ.

'ನಮ್ಮಲ್ಲಿ ಎಂಸಿಬಿ ಇದೆ, ಭಯವಿಲ್ಲ' ಎನ್ನುವವರು ಈ ಲೆಕ್ಕ ನೋಡಿ. ಬೇಸಿಗೆಯಲ್ಲಿ ಅರ್ಥ್ ಗುಂಡಿ ಒಣಗಿ ಅದರ ತಡೆ 50 ಓಮ್ ಆಗಿದೆ ಎಂದುಕೊಳ್ಳಿ. 230ನ್ನು 50ರಿಂದ ಭಾಗಿಸಿದರೆ 4.6 ಆಂಪಿಯರ್. 16 ಆಂಪಿಯರಿನ ಎಂಸಿಬಿ ಅದಕ್ಕೆ ಅಲುಗುವುದೂ ಇಲ್ಲ. ಕೂಲರಿನ ಮೈಯಲ್ಲಿ ಕರೆಂಟು ಹಾಗೇ ನಿಂತಿರುತ್ತದೆ. ಎಂಸಿಬಿ ಕಾಯುವುದು ಮುಖ್ಯವಾಗಿ ತಂತಿಯನ್ನು. ಮನುಷ್ಯನನ್ನು ಕಾಯಲು 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೇಕು. ಹೋದ ಕರೆಂಟು ಅಷ್ಟೇ ಮರಳದೆ ಬೇರೆಡೆ ಸೋರಿದರೆ ಅದು ಕ್ಷಣಾರ್ಧದಲ್ಲಿ ಕಡಿತಗೊಳಿಸುತ್ತದೆ.

ಇನ್ನೊಂದು ಅಪಾಯದ ಜಾಣತನವಿದೆ: ಅರ್ಥ್ ತಂತಿ ಎಳೆಯಲು ಬೇಸರಪಟ್ಟು ಸಾಕೆಟ್ಟಿನಲ್ಲೇ ನ್ಯೂಟ್ರಲನ್ನು ಅರ್ಥ್ ಪಿನ್ನಿಗೆ ಸೇರಿಸುವುದು. ಎಲ್ಲೋ ನ್ಯೂಟ್ರಲ್ ಕಡಿದ ದಿನ ಆ ಸಾಕೆಟ್ಟಿಗೆ ಹಾಕಿದ ಯಂತ್ರದ ಮೈಗೆಲ್ಲ ಕರೆಂಟು ಹರಿಯುತ್ತದೆ.

ಈ ವಾರವೇ ಮಾಡಬಹುದಾದದ್ದು

1. ಮೂರು ಪಿನ್ನಿನ ಪ್ಲಗ್‌ಗಳನ್ನು ನೋಡಿ. ಅರ್ಥ್ ಪಿನ್ ಉದ್ದವಾಗಿ ಇರುವುದು ಅದು ಮೊದಲು ಕೂಡಿ ಕೊನೆಗೆ ಬಿಡಲೆಂದೇ. ಅದನ್ನು ಮುರಿಯಬೇಡಿ, ಎರಡು ಪಿನ್ನಿಗೆ ಬದಲಿಸಬೇಡಿ.

2. ಲೈಸೆನ್ಸ್ ಇರುವ ಎಲೆಕ್ಟ್ರೀಷಿಯನ್‌ನಿಂದ ಅರ್ಥ್ ಗುಂಡಿಯ ತಡೆ ಅಳೆಸಿ. ಟೆಸ್ಟರ್ ದೀಪ ಫೇಸ್ ತೋರಿಸುತ್ತದೆಯೇ ಹೊರತು ಅರ್ಥ್ ಇದೆಯೋ ಇಲ್ಲವೋ ಹೇಳುವುದಿಲ್ಲ.

3. ಬೇಸಿಗೆಯಲ್ಲಿ ಗುಂಡಿಗೆ ಆಗಾಗ ನೀರು ಹಾಕಿ.

4. ಆರ್‌ಸಿಸಿಬಿ ಹಾಕಿಸಿ. ಅದರ ಮೇಲಿನ 'ಟೆಸ್ಟ್' ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ.

5. ಕೂಲರಿಗೆ ನೀರು ತುಂಬುವ ಮುನ್ನ ಪ್ಲಗ್ ತೆಗೆಯಿರಿ. ಸ್ವಿಚ್ ಆರಿಸಿದರೆ ಸಾಲದು.

ಯಾರಿಗಾದರೂ ಕರೆಂಟು ಹಿಡಿದರೆ ಓಡಿಹೋಗಿ ಮುಟ್ಟಬೇಡಿ. ಮೊದಲು ಮೇನ್ ಸ್ವಿಚ್ ಆರಿಸಿ. ಆಗದಿದ್ದರೆ ಒಣ ನೆಲದಲ್ಲಿ ನಿಂತು ಒಣ ಕಟ್ಟಿಗೆಯಿಂದ ಬಿಡಿಸಿ. ಉಸಿರಿಲ್ಲದಿದ್ದರೆ ಎದೆ ಒತ್ತಲು ತೊಡಗಿ, 108ಕ್ಕೆ ಕರೆ ಮಾಡಿಸಿ.

ಮನೆ ಕಟ್ಟುವಾಗ ಟೈಲ್ಸಿಗೆ, ಬಣ್ಣಕ್ಕೆ ನಾವು ಲೆಕ್ಕವಿಡದೆ ಖರ್ಚು ಮಾಡುತ್ತೇವೆ. ಕಣ್ಣಿಗೆ ಕಾಣದ ಹಸಿರು ತಂತಿಯ ಬಳಿ ಬಂದಾಗ ಮಾತ್ರ ಉಳಿತಾಯ ನೆನಪಾಗುತ್ತದೆ. ಆ ಒಂದು ಕಡೆ ಮಾತ್ರ ಉಳಿತಾಯ ಬೇಡ. ಕೂಲರನ್ನು ಅಟ್ಟದಿಂದ ಇಳಿಸುವ ಮೊದಲೇ ಅದರ ಪ್ಲಗ್ಗಿನಲ್ಲಿ ಮೂರನೆಯ ತಂತಿ ಇದೆಯೇ ಎಂದು ಬಿಚ್ಚಿ ನೋಡಿ, ಅಕ್ಕಪಕ್ಕದ ಮನೆಯವರಿಗೂ ಹೇಳಿ.