ಮಹಾನವಮಿಯೂ ಚೆಂಡುಹೂವಿನ ಬಿತ್ತನೆಯೂ

ಕ್ರಿ.ಶ. 1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಪಾರಸಿಕ ರಾಯಭಾರಿ ಅಬ್ದುಲ್ ರಜಾಕನು ಅಲ್ಲಿಯ ಮಹಾನವಮಿಯ ವೈಭವವನ್ನು ಕಂಡು ವರ್ಣಿಸಿದ್ದಾನೆ. ಆ ನಗರದ ಜನಕ್ಕೆ ಗುಲಾಬಿಯು ಅನ್ನದಷ್ಟೇ ಅವಶ್ಯಕವೆಂಬ ಅಭಿಪ್ರಾಯವನ್ನೂ ಬರೆದಿಟ್ಟಿದ್ದಾನೆ. ಆದರೆ ಇಂದು ಆಯುಧಪೂಜೆಯ ದಿನ ನೇಗಿಲಿನಿಂದ ಮೋಟಾರುಗಾಡಿಯವರೆಗೆ ಸಕಲ ಉಪಕರಣಗಳಿಗೂ ನಾವು ತೊಡಿಸುವ ಚೆಂಡುಹೂವನ್ನು ಅವನು ಕಂಡಿರುವುದು ಸಾಧ್ಯವೇ ಇರಲಿಲ್ಲ. ಅದರ ತವರು ಮೆಕ್ಸಿಕೋ ಮತ್ತು ಅದರ ನೆರೆಯ ನಾಡುಗಳು. ಸ್ಪೇನಿನವರು ಮೆಕ್ಸಿಕೋದ ನೆಲದಲ್ಲಿ ದಂಡಯಾತ್ರೆಯನ್ನು ಆರಂಭಿಸಿದ್ದು 1519ರಲ್ಲಿ. ಅದಾದಮೇಲೆ ಪೋರ್ಚುಗೀಸರ ಹಡಗುಗಳ ಮೂಲಕ ಈ ಸಸ್ಯವು ನಮ್ಮ ಪಶ್ಚಿಮ ಕರಾವಳಿಗೆ ಬಂದಿತೆಂಬುದು ಸಾಮಾನ್ಯವಾದ ಅಭಿಪ್ರಾಯ. ಯುರೋಪಿನವರು ಇದನ್ನು ಆಫ್ರಿಕಾದ ಹೂವೆಂದು ತಪ್ಪಾಗಿ ಕರೆದರು. ಕನ್ನಡಿಗರಾದರೋ ಊರಿನ ಗೊಡವೆಗೇ ಹೋಗದೆ, ಆಕಾರವನ್ನು ನೋಡಿ ಚೆಂಡು ಎಂದರು, ಗೊಂಡೆ ಎಂದರು. ಮೆಕ್ಸಿಕೋದಲ್ಲಿ ನವೆಂಬರ್ 1 ಮತ್ತು 2ರಂದು ಮೃತರ ಸ್ಮರಣೆಗೆ ಮೀಸಲಾದ ಹೂವು ಇಲ್ಲಿ ಮಂಗಳದ್ರವ್ಯವಾದುದು ಪ್ರತ್ಯೇಕವಾಗಿ ವಿಚಾರಿಸತಕ್ಕ ವಿಷಯ. ಪ್ರಕೃತ ಲೇಖನದಲ್ಲಿ ಇದನ್ನು ಬೀಜದಿಂದ ಬೆಳೆದು ಹಬ್ಬದ ಹೊತ್ತಿಗೆ ಅರಳಿಸುವ ಕ್ರಮವನ್ನಷ್ಟೇ ಹೇಳಲು ಉದ್ದೇಶಿಸಿದ್ದೇವೆ.

ಇದು ಏಕವಾರ್ಷಿಕ ಸಸ್ಯ. ಬಿತ್ತಿದಂದಿನಿಂದ ದಿನಗಳನ್ನು ಎಣಿಸುತ್ತದೆ. ಹಬ್ಬವಾದರೋ ಚಂದ್ರನನ್ನು ಅನುಸರಿಸುತ್ತದೆ. ಈ ಎರಡು ಲೆಕ್ಕಗಳನ್ನು ಒಂದೆಂದು ಭಾವಿಸಿ ನಾವು ಕೆಟ್ಟೆವು. 2023ರಲ್ಲಿ ನಮ್ಮ ವಿಭಾಗದ ಅಂಗಳದಲ್ಲಿ ಜುಲೈ 20ರಂದು ಬೀಜ ಬಿತ್ತಿದ್ದೆವು. ಆ ವರ್ಷ ಆಯುಧಪೂಜೆ ಅಕ್ಟೋಬರ್ 23ರಂದು ಬಂದಿತು. 95 ದಿನಗಳಲ್ಲಿ ಗಿಡಗಳು ತುಂಬಿ ಅರಳಿದ್ದವು. ವಿಭಾಗದ ಪುಸ್ತಕದ ಬೀರುಗಳಿಗೆಲ್ಲ ಮಾಲೆ ಹಾಕಿಯೂ ಹೂವು ಮಿಕ್ಕಿತು. ಅದೇ ಧೈರ್ಯದಿಂದ 2025ರಲ್ಲಿಯೂ ಜುಲೈ 20ರಂದೇ ಬಿತ್ತಿದೆವು. ಹಬ್ಬವು ಅಕ್ಟೋಬರ್ 1ಕ್ಕೇ ಬಂದುಬಿಟ್ಟಿತು. 73ನೆಯ ದಿನ ಅಂಗಳದ ತುಂಬ ಹಸುರು ಮೊಗ್ಗು! ಸಂತೆಯಿಂದ ಹಬ್ಬದ ಬೆಲೆಗೆ ಹೂವು ಕೊಂಡು ತರಬೇಕಾಯಿತು. ಶಾಸನಗಳ ತಿಥಿಯನ್ನು ಕ್ರಿಸ್ತಶಕದ ದಿನಾಂಕಕ್ಕೆ ಹೊಂದಿಸುವುದನ್ನು ವಿದ್ಯಾರ್ಥಿಗಳಿಗೆ ಕಲಿಸುವ ನಾವು ಪಂಚಾಂಗವನ್ನು ತೆರೆದು ನೋಡದೆ ಹೋದೆವೆಂದು ಅವರು ನಕ್ಕದ್ದು ನ್ಯಾಯವೇ.

ಚಾಂದ್ರವರ್ಷವು ಸೌರವರ್ಷಕ್ಕಿಂತ ಸುಮಾರು 11 ದಿನ ಕಿರಿದು. ಆದಕಾರಣ ಹಬ್ಬಗಳು ವರ್ಷವರ್ಷವೂ ಹಿಂದೆ ಸರಿಯುತ್ತ, ಅಧಿಕಮಾಸ ಬಂದಾಗ ಒಮ್ಮೆಲೇ ಮುಂದೆ ಹೋಗುತ್ತವೆ. 2023ರಲ್ಲಿ ಅಧಿಕ ಶ್ರಾವಣವಿತ್ತು. ಮುಂದಿನ ಎರಡು ವರ್ಷ ಅಧಿಕಮಾಸವಿರಲಿಲ್ಲ. ಎಂದಮೇಲೆ ಹಬ್ಬದ ದಿನದಿಂದ ಸುಮಾರು 95 ದಿನ ಹಿಂದಕ್ಕೆ ಎಣಿಸಿ ಬಿತ್ತುವುದು ಯುಕ್ತ. ತಳಿಯಿಂದ ತಳಿಗೆ ಈ ಅವಧಿ ಹೆಚ್ಚುಕಡಿಮೆಯಾಗುವುದರಿಂದ ತಮ್ಮ ತಳಿಯ ದಿನಗಳನ್ನು ಒಂದು ವರ್ಷ ಬರೆದಿಟ್ಟುಕೊಂಡು ನೋಡುವುದು ಮೇಲು.

ಮಳೆಗಾಲದ ಬಿತ್ತನೆಯಾದ್ದರಿಂದ ಸಸಿಮಡಿಯು ನೆಲದಿಂದ ಆರು ಅಂಗುಲವಾದರೂ ಎತ್ತರವಿರಬೇಕು. ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಇವನ್ನು ಸಮಭಾಗವಾಗಿ ಬೆರೆಸಿ ಜರಡಿ ಹಿಡಿಯತಕ್ಕದ್ದು. ಎರಡಂಗುಲದ ಅಂತರದಲ್ಲಿ ಗೀರುಗಳನ್ನೆಳೆದು ಬೀಜವನ್ನು ತೆಳ್ಳಗೆ ಉದುರಿಸಿ, ಕಾಲಂಗುಲದಷ್ಟು ಮಾತ್ರ ಮಣ್ಣು ಮುಚ್ಚಿ, ಮೇಲೆ ಹುಲ್ಲು ಹರಡಬೇಕು. ಐದಾರು ದಿನಗಳಲ್ಲಿ ಮೊಳಕೆ ಕಾಣಿಸಿಕೊಳ್ಳುತ್ತದೆ. ಆ ಕ್ಷಣವೇ ಹುಲ್ಲನ್ನು ತೆಗೆಯದಿದ್ದರೆ ಸಸಿಗಳು ಬೆಳಕನ್ನರಸಿ ನೂಲಿನಂತೆ ಉದ್ದವಾಗುವವು. ಇರುವೆಗಳು ಬೀಜವನ್ನು ಹೊತ್ತೊಯ್ಯದಂತೆ ಮಡಿಯ ಸುತ್ತ ಬೂದಿ ಚೆಲ್ಲುವ ನಮ್ಮ ಹಿರಿಯರ ಪದ್ಧತಿ ಮಳೆ ಬೀಳುವವರೆಗೆ ಮಾತ್ರ ಸಾರ್ಥಕ.

ಈ ಹಂತದಲ್ಲಿ ದೊಡ್ಡ ಶತ್ರು ಬುಡಕೊಳೆ ರೋಗ. ಸಂಜೆ ನೆಟ್ಟಗಿದ್ದ ಸಸಿ ಬೆಳಗ್ಗೆ ಮಣ್ಣಿನ ಮಟ್ಟದಲ್ಲಿ ಸೊರಗಿ ಮಲಗಿರುತ್ತದೆ. ಮಣ್ಣಿನಲ್ಲಿರುವ ಶಿಲೀಂಧ್ರಗಳು ಇದಕ್ಕೆ ಕಾರಣ. ಅವನ್ನು ಪೋಷಿಸುವವರು ಮಾತ್ರ ಬಹುಮಟ್ಟಿಗೆ ನಾವೇ. ಒತ್ತಾಗಿ ಬಿತ್ತುವುದು, ಸಂಜೆ ನೀರು ಹನಿಸಿ ಇರುಳಿಡೀ ತೇವ ನಿಲ್ಲಿಸುವುದು, ಹಸಿಗೊಬ್ಬರ ಹಾಕುವುದು ಇವೇ ಆ ಪೋಷಣೆ. ಬೆಳಗ್ಗೆ ಮಾತ್ರ ಹೂಜಾರಿಯಿಂದ ನೀರು ಕೊಟ್ಟು, ಸಂಜೆಯೊಳಗೆ ಮಣ್ಣಿನ ಮೇಲ್ಮೈ ಆರುವಂತೆ ನೋಡಿಕೊಂಡಮೇಲೆ ನಮ್ಮ ಮಡಿಯಲ್ಲಿ ನಷ್ಟ ಬಹಳ ಕಡಿಮೆಯಾಯಿತು.

ನಾಲ್ಕು ವಾರಗಳ ಹೊತ್ತಿಗೆ ಸಸಿಗಳಲ್ಲಿ ನಾಲ್ಕೈದು ನಿಜವಾದ ಎಲೆಗಳಿರುತ್ತವೆ. ಕೀಳುವ ಮೊದಲು ಮೂರು ನಾಲ್ಕು ದಿನ ನೀರು ಕಡಿಮೆ ಮಾಡಿ ಸಸಿಯನ್ನು ಗಟ್ಟಿಗೊಳಿಸಬೇಕು. ಕೀಳುವ ದಿನ ಬೆಳಗ್ಗೆ ಮಾತ್ರ ಮಡಿಯನ್ನು ಚೆನ್ನಾಗಿ ನೆನೆಸಬೇಕು. ಎಳೆಯ ಕಾಂಡವನ್ನು ಹಿಡಿದೆಳೆಯದೆ, ಎಲೆಯನ್ನು ಹಿಡಿದು, ಅಡಿಯಿಂದ ಕಡ್ಡಿಯಿಂದ ಎಬ್ಬಿಸತಕ್ಕದ್ದು. ನಾಟಿಗೆ ಸಂಜೆಯೇ ಸರಿಯಾದ ಹೊತ್ತು. ಎತ್ತರದ ತಳಿಗೆ ಒಂದೂವರೆ ಅಡಿ ಅಂತರವಿರಲಿ. ಗೊಬ್ಬರ ವಿಪರೀತವಾದರೆ ಎಲೆಯೇ ಬೆಳೆದು ಹೂವು ತಡವಾಗುತ್ತದೆ.

ನೆಟ್ಟ ಮೂರು ವಾರಗಳಿಗೆ ತುದಿಯ ಕುಡಿಯನ್ನು ಚಿವುಟುವುದು ಅನೇಕರಿಗೆ ಮನಸ್ಸೊಪ್ಪದ ಕೆಲಸ. ಆದರೆ ಚಿವುಟಿದ ಗಿಡ ಪಕ್ಕದ ರೆಂಬೆಗಳನ್ನೊಡೆದು ಒಂದಕ್ಕೆ ಹತ್ತರಂತೆ ಹೂವು ಬಿಡುತ್ತದೆ. ಮೊದಲ ಹೂವು ಮಾತ್ರ ಒಂದೆರಡು ವಾರ ಹಿಂದೆ ಬೀಳುತ್ತದೆ. 2025ರಲ್ಲಿ ನಾವು ಚಿವುಟದೆ ಬಿಟ್ಟಿದ್ದರೆ ಬಹುಶಃ ಬಾಗಿಲಿಗಾಗುವಷ್ಟು ಹೂವಾದರೂ ದೊರೆಯುತ್ತಿತ್ತು. ಹಬ್ಬ ಹತ್ತಿರವಿದ್ದು ಬಿತ್ತನೆ ತಡವಾದವರು ಈ ಕೆಲಸವನ್ನು ಬಿಟ್ಟುಬಿಡಬಹುದು.

ಮುಂದಿನ ವರ್ಷದ ಬೀಜಕ್ಕಾಗಿ ಒಳ್ಳೆಯ ಗಿಡದ ಹೂವನ್ನು ಗಿಡದಲ್ಲಿಯೇ ಒಣಗಲು ಬಿಡಬೇಕು. ಕಪ್ಪಗೆ, ತೆಳ್ಳಗೆ, ತುದಿಯಲ್ಲಿ ಬಿಳಿಯ ಕುಚ್ಚಿರುವುದೇ ಬೀಜ. ಕೀಟಗಳು ಹೂವಿನಿಂದ ಹೂವಿಗೆ ಪರಾಗವನ್ನು ಒಯ್ಯುವುದರಿಂದ ಹಳದಿಯ ಪಕ್ಕದ ಕೆಂಗಿತ್ತಳೆ ಮುಂದಿನ ಪೀಳಿಗೆಯಲ್ಲಿ ತನ್ನ ಬಣ್ಣವನ್ನು ಉಳಿಸಿಕೊಂಡೀತೆಂಬ ಭರವಸೆಯಿಲ್ಲ. ಸಂಕರ ತಳಿಯ ಬೀಜವನ್ನಂತೂ ಹೊಸದಾಗಿಯೇ ಕೊಳ್ಳಬೇಕು.

2026ರಲ್ಲಿ ಅಧಿಕ ಜ್ಯೇಷ್ಠವಿರುವ ಕಾರಣ ಹಬ್ಬವು ಮತ್ತೆ ಅಕ್ಟೋಬರಿನ ಮೂರನೆಯ ವಾರಕ್ಕೆ ಸರಿಯುತ್ತದೆ. ಆ ವರ್ಷಕ್ಕೆ ಜುಲೈ ಮಧ್ಯಭಾಗದ ಬಿತ್ತನೆಯೇ ಸರಿ.