ತೊಗಲಿನಲ್ಲಿ ಹಾಯುವ ಬೆಳಕು

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಸೀಮೆಯ ಹಳ್ಳಿಗಳಲ್ಲಿ ಸಿನಿಮಾಕ್ಕಿಂತ ಎಷ್ಟೋ ಮುಂಚೆ ಪರದೆ ಎದ್ದಿತ್ತು. ನಾಲ್ಕು ಬಿದಿರ ಗಳ, ಮೂರು ಮಗ್ಗುಲಿಗೆ ಕಂಬಳಿ, ಮುಂದೆ ಬಿಗಿದು ಕಟ್ಟಿದ ಬಿಳಿ ಧೋತರ, ಅದರ ಹಿಂದೆ ಒಂದು ಎಣ್ಣೆ ದೀಪ. ಕಿಳ್ಳೇಕ್ಯಾತರ ತೊಗಲುಗೊಂಬೆಯಾಟದ ರಂಗವೆಂದರೆ ಇಷ್ಟೇ. ಶಿಳ್ಳೇಕ್ಯಾತರು, ಕಟಬರು ಎಂದೂ ಕರೆಸಿಕೊಳ್ಳುವ ಈ ಜನ ಮನೆಯಲ್ಲಿ ಆಡುವುದು ಮರಾಠಿಗೆ ಹತ್ತಿರದ ಮಾತು. ಪರದೆಯ ಹಿಂದೆ ಹೋದರೆ ರಾಮಾಯಣ, ಮಹಾಭಾರತಗಳೆಲ್ಲ ಕನ್ನಡದಲ್ಲೇ. ಮಳೆ ಕೈಕೊಟ್ಟಾಗ, ದನಗಳಿಗೆ ಬೇನೆ ಬಂದಾಗ ಊರವರೇ ಕರೆಸಿ ಆಟ ಆಡಿಸುತ್ತಿದ್ದರು.

ಈ ಕಲೆಯ ಹಾಡು, ಬಣ್ಣ, ಕಿಳ್ಳೇಕ್ಯಾತ–ಬಂಗಾರಕ್ಕ ಎಂಬ ಗೊಂಬೆ ಜೋಡಿಯ ಹಾಸ್ಯ ಇವುಗಳ ಬಗ್ಗೆ ಸಾಕಷ್ಟು ಬರವಣಿಗೆ ಬಂದಿದೆ. ದೀಪದ ಕಡೆ ಗಮನ ಹೋದದ್ದು ಕಡಿಮೆ. ಆಟ ನಿಂತಿರುವುದು ಮಾತ್ರ ಅದರ ಮೇಲೆಯೇ. ಅದರ ಜಾಣ್ಮೆ ತಿಳಿಯಬೇಕಾದರೆ ಯುರೋಪಿನ ಮ್ಯಾಜಿಕ್ ಲ್ಯಾಂಟರ್ನನ್ನು ಪಕ್ಕದಲ್ಲಿಟ್ಟು ನೋಡಬೇಕು.

ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್ 1659ರ ಹೊತ್ತಿಗೆ ರೂಪಿಸಿದ ಸಾಧನ ಅದು. ಪೆಟ್ಟಿಗೆಯೊಳಗೆ ದೀಪ, ಬೆಳಕನ್ನು ಒಟ್ಟುಗೂಡಿಸುವ ದಪ್ಪ ಮಸೂರ, ಗಾಜಿನ ಮೇಲೆ ಬರೆದ ಚಿತ್ರ, ಅದನ್ನು ಹಿಗ್ಗಿಸಿ ಗೋಡೆಗೆ ಚೆಲ್ಲುವ ಇನ್ನೊಂದು ಮಸೂರ. ಮಸೂರ ಚಿತ್ರವನ್ನು ಬುಡಮೇಲು ಮಾಡುವುದರಿಂದ ಗಾಜನ್ನು ತಲೆಕೆಳಗಾಗಿಯೇ ತೂರಿಸಬೇಕು. ಇಂಗ್ಲೆಂಡಿನಲ್ಲಿ ಮುಂದೆ ಈ ಗಾಜಿನ ಅಳತೆ ಮೂರೂಕಾಲು ಇಂಚಿನ ಚೌಕವೆಂದು ರೂಢಿಗೆ ಬಂತು. ಅಂಗೈಯಗಲದ ಚಿತ್ರ ಗೋಡೆಯಗಲ ಹಿಗ್ಗಿದಾಗ ಬೆಳಕು ಅಷ್ಟೇ ತೆಳುವಾಗುತ್ತದೆ. ಲ್ಯಾಂಟರ್ನ್ ಮಾಡಿದವರು ಇನ್ನೂರು ವರ್ಷಕ್ಕೂ ಮೇಲೆ ಸೆಣಸಿದ್ದು ಇದರೊಂದಿಗೆ. ಮೇಣದ ಬತ್ತಿ, ಎಣ್ಣೆ ದೀಪ, 1780ರ ದಶಕದ ಅರ್ಗಾಂಡ್ ದೀಪ, ಆಮೇಲೆ ಚಪ್ಪಟೆ ಬತ್ತಿಗಳನ್ನು ಅಂಚು ಮುಂದಾಗಿ ಸಾಲು ನಿಲ್ಲಿಸಿದ ಸೀಮೆಎಣ್ಣೆ ದೀಪ. ಉರಿ ಬೆಳ್ಳಗಾಗಲೆಂದು ಸೀಮೆಎಣ್ಣೆಗೆ ಕರ್ಪೂರ ಬೆರೆಸುವವರೂ ಇದ್ದರು.

ಇವೆಲ್ಲವನ್ನೂ ಮೀರಿಸಿದ್ದು ಸುಣ್ಣದ ಬೆಳಕು. ಆಮ್ಲಜನಕ, ಜಲಜನಕ ಕೂಡಿದ ಉರಿಯನ್ನು ಸುಟ್ಟ ಸುಣ್ಣದ ತುಂಡಿಗೆ ಹಿಡಿದರೆ ಸುಣ್ಣ ಕರಗದೆ ಕಣ್ಣು ಕೋರೈಸುವ ಹಾಗೆ ಬೆಳಗುತ್ತದೆ. ಥಾಮಸ್ ಡ್ರಮಂಡ್ 1820ರ ದಶಕದಲ್ಲಿ ಇದನ್ನು ಭೂಮಾಪನಕ್ಕೆ ಬಳಸಿದ. ಅಲ್ಲಿಂದ ಅದು ರಂಗಭೂಮಿಗೂ ಲ್ಯಾಂಟರ್ನಿಗೂ ಬಂತು. ಅನಿಲವನ್ನು ರಬ್ಬರ್ ಚೀಲಗಳಲ್ಲಿ ತುಂಬಿ, ಮೇಲೆ ಹಲಗೆಯಿಟ್ಟು ಭಾರ ಹೇರಿ ಹೊರಗೆ ಹರಿಸುತ್ತಿದ್ದರು. ಉರಿ ತಾಗಿದ ಕಡೆ ಸುಣ್ಣ ಕುಳಿ ಬೀಳುವುದರಿಂದ ತುಂಡನ್ನು ಆಗಾಗ ತಿರುಗಿಸುತ್ತಿರಬೇಕು. ಚೀಲದೊಳಗೆ ಎರಡು ಅನಿಲಗಳು ಬೆರೆತರಂತೂ ಸ್ಫೋಟದ ಭಯ. ಬಾಗಲಕೋಟೆ, ಲೋಕಾಪುರ, ಕಲಾದಗಿಯ ಸುತ್ತಿನ ಸುಣ್ಣದಕಲ್ಲಿನ ನೆಲ ಕಂಡವರಿಗೆ ಸುಣ್ಣವೇ ಬೆಳಗುವ ಈ ಸಂಗತಿ ಬೇರೆಯೇ ಬಗೆಯಲ್ಲಿ ಮನಸ್ಸಿಗೆ ತಾಗುತ್ತದೆ. ಸುಣ್ಣದ ಬೆಳಕಿನ ತತ್ವ ನಮ್ಮ ಹಳ್ಳಿಗಳನ್ನು ತಲುಪಿದ್ದು ಗ್ಯಾಸ್ ಬತ್ತಿಯ ರೂಪದಲ್ಲಿ. ಪೆಟ್ರೊಮ್ಯಾಕ್ಸಿನ ಮ್ಯಾಂಟಲಿನಲ್ಲೂ ಬೆಳಗುವುದು ಉರಿಯಲ್ಲ, ಉರಿಗೆ ಕಾದ ಆಕ್ಸೈಡ್. ಜಾತ್ರೆಯ ನಾಟಕ, ಬಯಲಾಟಗಳ ರಾತ್ರಿಗಳು ಅದರ ಕೆಳಗೇ ಕಳೆದವು.

1890ರ ದಶಕದಲ್ಲಿ ಮುಂಬಯಿ ಹತ್ತಿರದ ಕಲ್ಯಾಣದಲ್ಲಿ ಮಹಾದೇವ ಗೋಪಾಳ ಪಟವರ್ಧನರು ‘ಶಾಂಬರಿಕ ಖರೋಲಿಕಾ’ ಎಂಬ ಲ್ಯಾಂಟರ್ನ್ ಪ್ರದರ್ಶನ ಕಟ್ಟಿದರು. ಕೈಯಾರೆ ಬರೆದ ಗಾಜಿನ ಚಿತ್ರಗಳನ್ನು ಒಂದರ ಮೇಲೊಂದು ಬೀಳಿಸಿ, ಪುರಾಣದ ಪಾತ್ರಗಳು ಅಲುಗಾಡುವಂತೆ ಮಾಡಿದ್ದು ಅದರ ಹೆಚ್ಚುಗಾರಿಕೆ. ಅದೇ ಮುಂಬಯಿ ಪ್ರಾಂತ್ಯದ ಕೃಷ್ಣೆ, ಮಲಪ್ರಭೆಯ ಈ ಬಯಲಿನಲ್ಲಿ ರಾವಣ ಆಗಲೇ ತಲೆಮಾರುಗಳಿಂದ ಪರದೆಯ ಮೇಲೆ ಕೈಯೆತ್ತಿ ಅಬ್ಬರಿಸುತ್ತಿದ್ದ, ಮಸೂರದ ಹಂಗಿಲ್ಲದೆ.

ಮಸೂರವಿಲ್ಲದೆ ಚಿತ್ರ ದೊಡ್ಡದಾಗುವುದು ಹೇಗೆ? ಕಿಳ್ಳೇಕ್ಯಾತರು ಗೊಂಬೆಯನ್ನೇ ಬೇಕಾದ ಅಳತೆಗೆ ಕತ್ತರಿಸಿದರು. ದೇವರು, ರಾಜರು ದೊಡ್ಡ ತೊಗಲಿನಲ್ಲಿ. ಸೇವಕರು, ಸಾಮಾನ್ಯರು ಚಿಕ್ಕದರಲ್ಲಿ. ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದರೆ ಅಂಚು ಚೂಪಾಗಿ, ಬಣ್ಣ ತುಂಬಿ ಕಾಣುತ್ತದೆ. ದೀಪದ ಕಡೆ ಸರಿಸಿದರೆ ಆಕೃತಿ ಹಿಗ್ಗುತ್ತಾ ಮಸುಕಾಗುತ್ತದೆ. ಬೆಳಕು ಹಿಗ್ಗಬೇಕಿಲ್ಲವಾದ್ದರಿಂದ ಒಂದೇ ದೀಪ ಇಡೀ ರಾತ್ರಿಗೆ ಸಾಕು. ಹಿಂದೆ ಹಾಕುತ್ತಿದ್ದದ್ದು ಔಡಲೆಣ್ಣೆ. ಆಡಿಸುವವರ ನೆರಳು ಬೀಳದ ಜಾಗ ನೋಡಿ ದೀಪ ತೂಗುಹಾಕುವುದು, ನಡುನಡುವೆ ಬತ್ತಿ ಮುಂದೂಡುವುದು ಅನುಭವದಿಂದ ಕೈಗೆ ಬಂದ ವಿದ್ಯೆ. ಉರಿ ಅಲುಗಿದಾಗ ಸುಮ್ಮನೆ ನಿಂತ ಗೊಂಬೆಯೂ ಉಸಿರಾಡುತ್ತದೆ.

ಇನ್ನು ತೊಗಲು. ಲ್ಯಾಂಟರ್ನಿಗೆ ಗಾಜು ಹೇಗೋ ಆಟಕ್ಕೆ ಇದು ಹಾಗೆ. ಆಡಿನ ಚರ್ಮವನ್ನು ನೆನೆಸಿ, ಕೂದಲು ತೆಗೆದು, ಬೆಳಕು ತೂರುವಷ್ಟು ತೆಳ್ಳಗೆ ಹೆರೆದು, ಎಳೆದು ಒಣಗಿಸುತ್ತಾರೆ. ಗೆರೆ ಎಳೆದ ಮೇಲೆ ಎರಡೂ ಬದಿಗೆ ಕೆಂಪು, ಹಸಿರು, ಕಪ್ಪು ಬಣ್ಣ. ಕಿರೀಟ, ಸರ, ಡಾಬುಗಳಲ್ಲಿ ಸಣ್ಣ ಉಳಿಯಿಂದ ತೂತು ಕೊರೆಯುತ್ತಾರೆ. ದೀಪದ ಮುಂದೆ ಹಿಡಿದಾಗ ಆ ತೂತುಗಳೇ ಮುತ್ತು, ರತ್ನ. ಬಣ್ಣದಿಂದ ಆಗದ ಹೊಳಪನ್ನು ಬರಿಯ ಬೆಳಕಿನಿಂದ ತೆಗೆದ ಈ ಉಪಾಯ ನನಗೆ ಇಡೀ ಕಲೆಯಲ್ಲೇ ದೊಡ್ಡದು. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ಎಂ.ಎಸ್. ನಂಜುಂಡರಾವ್ ಅವರ ಶ್ರಮದಿಂದ ಹಳೆಯ ಗೊಂಬೆಗಳ ದೊಡ್ಡ ಸಂಗ್ರಹವಿದೆ. ಅಲ್ಲಿ ಹೋದವರು ತೂತುಗಳನ್ನು ಹತ್ತಿರದಿಂದ ನೋಡಲಿ.

ಇಳಕಲ್ಲಿನ ಆಚೆಗಿನ ಕೊಪ್ಪಳ ಜಿಲ್ಲೆಯ ಮೊರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿತು. ತೊಂಬತ್ತು ದಾಟಿದ ಅಜ್ಜಿಗೆ ಬಂದ ಈ ಗೌರವದಿಂದ ಶಾಲೆ, ಉತ್ಸವಗಳವರು ತೊಗಲುಗೊಂಬೆಯ ತಂಡಗಳನ್ನು ಹೆಚ್ಚು ಕರೆಯುವಂತಾದರೆ ಒಳ್ಳೆಯದು. ಆದರೆ ಕರೆಯುವವರು ಬೆಳಕಿನ ವ್ಯವಸ್ಥೆಯನ್ನೂ ಅರಿತಿರಬೇಕು. ಈಗ ಎಣ್ಣೆ ದೀಪದ ಜಾಗಕ್ಕೆ ಬಲ್ಬು ಬಂದಿದೆ, ಅದು ನಡೆಯುತ್ತದೆ. ಉದ್ದನೆಯ ಟ್ಯೂಬ್‌ಲೈಟ್ ಹಾಕಿದರೆ ಬೆಳಕು ಎಲ್ಲ ಕಡೆಯಿಂದ ಬಿದ್ದು, ಗೊಂಬೆ ಪರದೆಯಿಂದ ತುಸು ಸರಿದರೂ ಅಂಚು ಕಲಸಿಹೋಗುತ್ತದೆ. ಪರದೆಯ ಹಿಂದೆ ಬಿಸಿ ಬಣ್ಣದ ಒಂದೇ ಬಲ್ಬು ಇರಲಿ. ಮುಂದಿನ ವೇದಿಕೆಯ ದೀಪ, ಫೋಟೊ ತೆಗೆಯುವವರ ಫ್ಲ್ಯಾಶ್ ಎರಡನ್ನೂ ಆಟ ಮುಗಿಯುವವರೆಗೆ ಆರಿಸಿಡಲು ಸಂಘಟಕರು ಮೊದಲೇ ಹೇಳಲಿ.